ಬಂದರಿನಲ್ಲಿ ಲಾಲಬಿ ಆಡಿದ ಮಾತು

ಬೆಟಗೇರಿಯ ಓಣಿಗಳಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮದ ಹೆಂಗಸು ಎಂದರೆ ಲಾಲಬಿ ಒಬ್ಬಳೇ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಪೂರಾ ನಿಜವಲ್ಲ. ಅವಳೂ ಕೆಮ್ಮುತ್ತಿದ್ದಳು, ಆದರೆ ಉಳಿದವರ ಮುಂದೆ ಕೆಮ್ಮುತ್ತಿರಲಿಲ್ಲ. ಮೆಣಸಿನಕಾಯಿ ಕೂಡಿಡುವ ವಖಾರದ ಹಿಂದಿನ ಗೋಡೆಯ ಮರೆಗೆ ಹೋಗಿ, ಸೆರಗನ್ನು ಬಾಯಿಗೊತ್ತಿ, ಹೊಟ್ಟೆ ಹಿಡಿದು ಕೆಮ್ಮಿ, ಏನೂ ಆಗದವಳ ಹಾಗೆ ಬಂದು ಮತ್ತೆ ರಾಶಿಯ ಮುಂದೆ ಕೂಡುತ್ತಿದ್ದಳು. ಗುಂಪಿನ ಹಿರಿಯಳೇ ಕೆಮ್ಮಿದರೆ ಉಳಿದವರು ಯಾವ ಧೈರ್ಯದ ಮೇಲೆ ಕೂತಾರು ಎಂಬುದು ಅವಳ ವಿಚಾರ.

ಅವಳು ಹುಟ್ಟಿದ್ದು ಮುಳಗುಂದದಲ್ಲಿ. ಅಪ್ಪ ಖಾಸಿಂಸಾಬ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಸಂತೆಯಿಂದ ಸಂತೆಗೆ ತಿರುಗುವವನು. ಲಾಲಬಿಯ ಬೆನ್ನಿಗೆ ಹುಟ್ಟಿದ ಕೂಸು ಹಸಿ ಮೈಯಲ್ಲೇ ಕಣ್ಣು ಮುಚ್ಚಿತು. ಅದೇ ವಾರ ಪಕ್ಕದ ಮನೆಯ ಬಾಣಂತಿ ತೀರಿಕೊಂಡು, ಗಂಡುಕೂಸೊಂದು ಹಾಲಿಲ್ಲದೆ ಕಿರುಚುತ್ತ ಉಳಿಯಿತು. ಲಾಲಬಿಯ ತಾಯಿ ಯಾರನ್ನೂ ಕೇಳಲಿಲ್ಲ, ಹೇಳಲಿಲ್ಲ. ಹೋಗಿ ಆ ಕೂಸನ್ನು ಎತ್ತಿಕೊಂಡು ಬಂದು ಎದೆಗೆ ಹಚ್ಚಿಕೊಂಡಳು. ಅವನೇ ನಬಿಸಾಬ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ ಸೈ ಎಂಬುದು ಮುಸಲ್ಮಾನರ ಕಟ್ಟಳೆ. ಹೀಗೆ ಸಿಕ್ಕ ತಮ್ಮನನ್ನು ಲಾಲಬಿ ಸೊಂಟದ ಮೇಲೆ ಹೊತ್ತೇ ಶೇಂಗಾ ಆಯಲು ಹೋದಳು, ನೀರಿಗೆ ಹೋದಳು. ಲಗ್ನವಾಗಿ ಬೆಟಗೇರಿಗೆ ಹೊರಟ ದಿನ ಅವನು ಅವಳ ಬಂಡಿಯ ಹಿಂದೆ ಊರ ಹೊರಗಿನ ಕೆರೆಯವರೆಗೆ ಅಳುತ್ತ ಓಡಿಬಂದಿದ್ದನ್ನು ನೋಡಿದವರು ಈಗಲೂ ಇದ್ದಾರೆ.

ಗಂಡ ಲಾಡಸಾಬ ಗದಗ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಮಾತಿನಲ್ಲಿ ಬಲು ಜೋರು, ಕುದುರೆಗೆ ಮಾತ್ರ ಒಂದು ಏಟು ಹಾಕದವನು. ಅಟೋಗಳು ಬಂದ ಮೇಲೆ ಟಾಂಗಾ ಹತ್ತುವವರು ಇಲ್ಲವಾದರು. ಕುದುರೆ ಮುದಿಯಾಯಿತು, ಅದರ ಜೋಡಿ ಲಾಡಸಾಬನೂ. ಲಾಲಬಿ ಮೆಣಸಿನಕಾಯಿ ವಖಾರಕ್ಕೆ ದುಡಿಯಲು ಹೋದಳು.

ಮೆಣಸಿನಕಾಯಿಯ ತುಂಬು ಬಿಡಿಸುವುದು, ಎಂದರೆ ತೊಟ್ಟು ಕೀಳುವುದು, ನೋಡುವವರ ಕಣ್ಣಿಗೆ ಸರಳ. ಕಾಯಿ ಒಡೆಯಬಾರದು, ಬೀಜ ಉದುರಬಾರದು, ಬಣ್ಣ ಕಂದಬಾರದು ಎಂದಾಗ ಅದು ಸರಳ ಉಳಿಯುವುದಿಲ್ಲ. ಲಾಲಬಿಯ ಬೆರಳು ಅದಕ್ಕೆ ಬಲು ಬೇಗ ಪಳಗಿದವು. ಮೆಲ್ಲಗೆ ಅವಳ ಸುತ್ತ ಒಂದು ಗುಂಪು ಕಟ್ಟಿಕೊಂಡಿತು. ಕುರುಬರ ಓಣಿಯ ತಿಪ್ಪವ್ವ, ನೇಕಾರರ ಅಮೃತವ್ವ, ಅವರ ಸೊಸೆಯಂದಿರು, ನೆಗೆಣ್ಣಿಯರು. ವಯಸ್ಸಿನಲ್ಲಿ ತೀರ ಕಿರಿಯರಲ್ಲದವರೂ ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದರು.

ಈ ಗುಂಪುಗಳದು ಒಂದು ರಿವಾಜು ಇತ್ತು. ಸುಗ್ಗಿ ಶುರುವಾಗುವ ದಿನ ವ್ಯಾಪಾರಿ ಮೊದಲ ಚೀಲದ ಬಾಯಿ ಬಿಚ್ಚುತ್ತಾನೆ. ಗುಂಪಿನ ಹಿರಿಯಳು ಅದರೊಳಗೆ ಕೈಹಾಕಿ ಒಂದು ಮುಷ್ಟಿ ಮೆಣಸಿನಕಾಯಿ ತೆಗೆದು ಎಲ್ಲರ ಎದುರು ಎತ್ತಿ ಹಿಡಿಯುತ್ತಾಳೆ. ಇದಕ್ಕೆ ಮುಟಿಗಿ ಹಿಡಿಯುವುದು ಎಂದು ಹೆಸರು. ಅಲ್ಲಿಂದ ಮುಂದೆ ಆ ಸುಗ್ಗಿಯಿಡೀ ಅವಳ ಮಾತೇ ಗುಂಪಿನ ಮಾತು. ಹೊಗಳಿಕೆ ಬಂದರೂ ಅವಳಿಗೆ, ಬೈಗುಳ ಬಂದರೂ ಅವಳಿಗೆ. ಅವಳು ಹೂಂ ಎಂದರೆ ಎಲ್ಲರೂ ಹೂಂ ಎಂದಂತೆ. ಯಾರ ಕೈಯಿಂದ ತಪ್ಪಾಯಿತು ಎಂದು ವ್ಯಾಪಾರಿ ಒಬ್ಬೊಬ್ಬರನ್ನೇ ಹಿಡಿದು ಕೇಳುವಂತಿಲ್ಲ. ಲಾಲಬಿ ಎಷ್ಟೋ ಸುಗ್ಗಿ ಮುಟಿಗಿ ಹಿಡಿದಳು. ಒಮ್ಮೆಯೂ ಅವಳ ಗುಂಪಿನ ಮೇಲೆ ಒಂದು ಮಾತು ಬಂದಿರಲಿಲ್ಲ.

ಅಷ್ಟರಲ್ಲಿ ಗದಗ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಹೊಸ ಬಣ್ಣದ ಬೋರ್ಡುಗಳು ಬಂದವು, ಧಾರವಾಡಕ್ಕೆ ಅಲೆಯುವುದು ತಪ್ಪಿತು. ಬಿಳಿ ಅಂಗಿ ತೊಟ್ಟು ಸ್ಕೂಟರಿನ ಮೇಲೆ ತಿರುಗುವ ಒಂದು ಹೊಸ ಜಾತಿಯ ಮನುಷ್ಯರೂ ಬಂದರು. ನಬಿಸಾಬ ಅವರಲ್ಲೊಬ್ಬನಾದ. ಮುಳಗುಂದ ಬಿಟ್ಟು ಬಂದು ಮೊದಲು ಹಮಾಲಿ ಮಾಡಿದ್ದ, ಆಮೇಲೆ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ದಿವಾನಜಿಯಾಗಿದ್ದ. ಈಗ ಪರದೇಶಕ್ಕೆ ಮಾಲು ಕಳಿಸುವ ಸಾವಕಾರರೊಬ್ಬರ ಬಲಗೈ. ಮಾಲು ಕೊಳ್ಳುವುದು, ವಖಾರ ನೋಡಿಕೊಳ್ಳುವುದು, ಬಂದರಿಗೆ ಮುಟ್ಟಿಸುವುದು, ಎಲ್ಲ ಅವನದೇ. ರೈಲು ಹಳಿಯ ಪಕ್ಕದ ಹೊಸ ವಖಾರಕ್ಕೆ ಅವನು ಲಾಲಬಿಯ ಗುಂಪನ್ನೇ ಕರೆದ. ಅಂದು ಮುಟಿಗಿ ಹಿಡಿದಾಗ ಲಾಲಬಿಯ ಕಣ್ಣು ಒದ್ದೆಯಾದದ್ದು ಘಾಟಿನಿಂದಲ್ಲ.

"ಇನ್ನ ನಿನಗ ಯಾರ ಮನಿ ಬಾಗಲಾ ಕಾಯೂ ಪಾಳಿ ಇಲ್ಲ, ಆಪಾ" ಎಂದಿದ್ದ ನಬಿಸಾಬ. "ನಾ ಇರೂತನಾ ಈ ವಖಾರ ನಿಂದ."

ಆಪಾ ಎಂದರೆ ಅಕ್ಕ. ಆ ಮಾತನ್ನು ಲಾಲಬಿ ಮನೆಗೆ ಹೋಗಿ ಲಾಡಸಾಬನಿಗೆ ಹೇಳಿದಳು, ಓಣಿಗೆ ಹೇಳಿದಳು, ಕೇಳದವರನ್ನೂ ನಿಲ್ಲಿಸಿ ಹೇಳಿದಳು.

ಎರಡು ಮೂರು ಸುಗ್ಗಿ ಹಾಗೆಯೇ ನಡೆಯಿತು. ಮಾಲು ಚೀಲಗಳಲ್ಲಿ ಲಾರಿಯ ಮೇಲೆ ಹೋಗುತ್ತಿತ್ತು, ಮುಂದಿನದು ಇವರಿಗೆ ಗೊತ್ತಿರಲಿಲ್ಲ. ಒಂದು ಬೇಸಗೆಯಲ್ಲಿ ಉದ್ದನೆಯ ಗಾಡಿಯೊಂದು ಇಡೀ ಕಂಟೇನರನ್ನೇ ಬೆನ್ನ ಮೇಲೆ ಹೊತ್ತುಕೊಂಡು ವಖಾರದ ಮುಂದೆ ಬಂದು ನಿಂತಿತು. ಮನೆಯಷ್ಟು ಉದ್ದದ ಕಬ್ಬಿಣದ ಡಬ್ಬಿ. ಹೆಂಗಸರೆಲ್ಲ ಕೆಲಸ ಬಿಟ್ಟು ಹೊರಗೆ ಬಂದರು.

"ಇದಕ್ಕ ಒಂದ ಕಿಡಕಿನೂ ಇಲ್ಲಲ್ಲೋ ನಬಿಸಾಬ" ಎಂದಳು ತಿಪ್ಪವ್ವ. ಅವಳ ನಾಲಗೆಗೆ ಹೆದರುವ ಗಂಡಸರು ಬೆಟಗೇರಿಯಲ್ಲಿ ಬಹಳ ಮಂದಿ. "ಒಳಗ ಕುಂತ ಮೆಣಸಿನಕಾಯಿ ಉಸರ ಹೆಂಗ ಆಡಬೇಕು?"

"ಅದು ಉಸರಾಡಾಕ ಹೊಂಟಿಲ್ಲಬೇ, ಸಮುದ್ರ ದಾಟಾಕ ಹೊಂಟೈತಿ. ಮಲೇಷಿಯಾಕ್ಕ."

"ನಮ್ಮ ಮನ್ಯಾವನ್ನೂ ಹಾಕಿ ಕಳಸ್ತಿಯೇನು? ಬಾಳ ದಿನದಿಂದ ಎಲ್ಲಿಗರ ಹೋಗ್ತೀನಿ, ಹೋಗ್ತೀನಿ ಅಂತಾನ."

ಎಲ್ಲರೂ ನಕ್ಕರು. ನಗದೆ ನಿಂತವಳು ಲಾಲಬಿ ಒಬ್ಬಳೇ. ಅವಳ ಕಣ್ಣು ಅಂಗಳದ ತಾಡಪತ್ರಿಯಲ್ಲಿ ಆಗಷ್ಟೇ ಹರವಿದ ಮೆಣಸಿನಕಾಯಿಯ ಮೇಲಿತ್ತು.

ಕಾರಣವಿತ್ತು. ಒಣಗಿದ ಮೆಣಸಿನಕಾಯಿಯ ತುಂಬನ್ನು ಹಾಗೆಯೇ ಕಿತ್ತರೆ ಕಾಯಿ ಪುಡಿಯಾಗುತ್ತದೆ. ಅದಕ್ಕೆ ಹಿಂದಿನ ಸಂಜೆ ರಾಶಿಯ ಮೇಲೆ ಬೇವಿನ ಟೊಂಗೆಯಿಂದ ನೀರು ಚಿಮುಕಿಸಿ, ಗೋಣಿತಟ್ಟು ಮುಚ್ಚಿ ಬಿಡುತ್ತಾರೆ. ಬೆಳಗಾಗುವುದರಲ್ಲಿ ಕಾಯಿ ತೊಗಲಿನ ಹಾಗೆ ಮೆತ್ತಗಾಗಿರುತ್ತದೆ. ತುಂಬು ಬಿಡಿಸಿ ಮುಗಿದ ಮೇಲೆ ಅಂಗಳದಲ್ಲಿ ಹರವಿ ಒಂದು ಪೂರಾ ಬಿಸಿಲು ಕಾಣಿಸಬೇಕು. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಆಗ ಚೀಲಕ್ಕೆ. ಇದು ತಲೆಮಾರುಗಳಿಂದ ನಡೆದು ಬಂದ ಕ್ರಮ. ಆದರೆ ಆವತ್ತಿನ ರಾಶಿಯ ತುಂಬು ಬಿಡಿಸಿ ಮುಗಿದದ್ದು ಅದೇ ಮುಂಜಾನೆ. ಗಾಡಿ ಒಂದು ದಿನ ಮೊದಲೇ ಬಂದಿತ್ತು.

"ನಾಳಿ ಒಂದ ಬಿಸಲ ಬೇಕ ತಮ್ಮಾ" ಎಂದಳು ಲಾಲಬಿ.

"ನಾಳಿ ಅಂದ್ರ ಆಗೂದಿಲ್ಲ ಆಪಾ. ಹಡಗ ಯಾರ ಮನಿ ಆಳಲ್ಲ, ನಿಂದ್ರು ಅಂದ್ರ ನಿಂದ್ರಾಕ. ಈ ಗಾಡಿ ಇವತ್ತ ತಿರಗಬೇಕು."

"ಕಾಯಿ ಇನ್ನೂ ಮೆತ್ತಗ ಐತೋ."

"ಹೋಗೂತನಾ ಒಣಗತಾವು. ಆ ಡಬ್ಬಿ ಬಿಸಲಾಗ ಒಲಿ ಆದಂಗ ಆಗತೈತಿ." ಆಮೇಲೆ ಅವನು ದನಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಏನರ ಹೆಚ್ಚುಕಡಿಮಿ ಆತಂದ್ರ ಹೇಳಾಂವ ನಾ ಅದೀನಿ. ನಿಮ್ಮ ಮ್ಯಾಲ ಒಂದ ಮಾತ ಬರಾಕ ಬಿಡೂದಿಲ್ಲ. ಹಾಕ್ರಿ ಮಾಲು."

ಲಾಲಬಿ ಡಬ್ಬಿಯ ಹತ್ತಿರ ಹೋಗಿ ಒಳಗೆ ತಲೆ ಹಾಕಿ ನೋಡಿದಳು. ಬಾಗಿಲಿಗೆ ರಬ್ಬರಿನ ಅಂಚು, ಒಂದು ಸಂದಿಲ್ಲ. ಅವಳಿಗೆ ತಾತನ ಕಾಲದ ಹಗೇವು ನೆನಪಾಯಿತು. ನೆಲದೊಳಗೆ ತೋಡಿದ ಜೋಳದ ಕಣಜ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಒಂದು ಕಾಳು ಕೆಡುತ್ತಿರಲಿಲ್ಲ. ಗಾಳಿ ಆಡದ ಕಡೆ ಯಾವುದೂ ಕೆಡುವುದಿಲ್ಲ, ಇದೂ ಒಂದು ಕಬ್ಬಿಣದ ಹಗೇವೇ ಎಂದುಕೊಂಡಳು. ಹಗೇವಿಗೆ ಇಳಿಸುವ ಜೋಳವನ್ನು ಮೊದಲು ಎಲುಬಿನ ಹಾಗೆ ಒಣಗಿಸುತ್ತಿದ್ದರು ಎಂಬುದು ಆ ಗಳಿಗೆಗೆ ಅವಳ ನೆನಪಿಗೆ ಬರಲಿಲ್ಲ. ತಮ್ಮನ ಮಾತಿನ ಮೇಲೆ ಭರವಸೆ, ಹಗೇವಿನ ಮೇಲೆ ಭರವಸೆ. ಹೂಂ ಎಂದಳು. ಹೆಂಗಸರು ಚೀಲ ತುಂಬಿದರು, ಹಮಾಲರು ಹೊತ್ತರು, ಡಬ್ಬಿಯ ಬಾಗಿಲು ಬಿತ್ತು.

ಮುಂಗಾರಿನ ಮಿರಗದ ಮಳೆ ಕೂಡಿ, ಹೊಲಗಳಲ್ಲಿ ಹೆಸರು ಬಿತ್ತುವ ಹೊತ್ತಿಗೆ ನಬಿಸಾಬ ಲಾಲಬಿಯ ಮನೆಗೆ ಬಂದ. ಬಿಳಿ ಅಂಗಿ ಮುದುಡಿತ್ತು.

"ಡಬ್ಬಿ ಹಡಗ ಹತ್ತಿಲ್ಲ ಆಪಾ. ಬರೂ ಹಡಗ ತಡಾ ಆತು. ಅಲ್ಲೇ ಗೋವಾ ಬಂದರದ ಬಯಲಾಗ ಇಟ್ಟಿದ್ರು. ಬಾಗಲಾ ತಗದ ನೋಡಿದ್ರ ಮಾಲು ಬೂಷ್ಟು ಹಿಡದೈತಿ."

"ಎಲ್ಲಾನೂ?"

"ಎಲ್ಲಾ ಇರಲಿಕ್ಕಿಲ್ಲ. ಛಲೋದು ಬ್ಯಾರೆ ಮಾಡಿದ್ರ ಅಷ್ಟರ ಹಡಗಿಗೆ ಏರಸಬಹುದು ಅಂತಾರ. ಅಲ್ಲಿ ಮಂದಿಗೆ ಈ ಕೆಲಸ ಬರೂದಿಲ್ಲ. ನಿನ್ನ ಗುಂಪ ಕರಕೊಂಡ ಬಾ. ಮಾನ ಉಳಸು."

ಮಾನ ಯಾರದು ಎಂದು ಲಾಲಬಿ ಕೇಳಲಿಲ್ಲ. ಅವಳ ಎದೆಯಲ್ಲಿ ಒಂದೇ ಮಾತು ಕುಟ್ಟತೊಡಗಿತು. ಆ ವಖಾರ ಹೋದರೆ ಇಷ್ಟು ಮಂದಿ ಹೆಂಗಸರು ಮತ್ತೆ ಯಾರ ಯಾರದೋ ಬಾಗಿಲು ಕಾಯಬೇಕು. ಅವರನ್ನು ಅಲ್ಲಿ ಕೂಡಿಸಿದವಳು ತಾನು.

ಲಾಡಸಾಬ ಹೊರಸಿನ ಮೇಲಿಂದ ಎದ್ದು ಕುಳಿತ. "ಹರೇದಾಗಿಂದ ಸ್ಟೇಶನ್ನಿನ ಮುಂದನ ಇದ್ದೆ, ಒಂದ ದಿನಾ ಆ ರೈಲ ಹತ್ತಲಿಲ್ಲ. ನೀ ನೋಡಿದ್ರ ಸಮುದ್ರಕ್ಕ ಹೊಂಟಿ. ಬರೂ ಮುಂದ ಒಂದ ಕೊಡಾ ಸಮುದ್ರದ ನೀರ ತಗೊಂಡ ಬಾ, ಉಪ್ಪಿನ ಖರ್ಚ ಉಳೀತೈತಿ."

ಗೋವಾದ ಕಡೆ ಹೋಗುವ ರೈಲಿನಲ್ಲಿ ಗುಂಪಿನವರೆಲ್ಲ ಹೊರಟರು. ಗಂಟುಗಳಲ್ಲಿ ಕಟಕಲು ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಹುಬ್ಬಳ್ಳಿ ದಾಟಿ ಲೋಂಡಾ ಬರುವತನಕ ನಗೆಚಾಟಿಕೆ ನಡೆದಿತ್ತು. ಘಟ್ಟ ಇಳಿಯುವಾಗ ಗುಡ್ಡ ಕೊರೆದ ಬೋಗದೆಯ ಕತ್ತಲೆಯಲ್ಲಿ ಅಮೃತವ್ವ ಲಾಲಬಿಯ ಕೈ ಹಿಡಿದುಕೊಂಡವಳು ಹೊರಗೆ ಬೆಳಕು ಬಂದರೂ ಬಿಡಲಿಲ್ಲ. ಸುತ್ತ ಎಲ್ಲೆಲ್ಲೂ ನೀರು ಸುರಿಯುತ್ತಿತ್ತು. ಎರೆಹೊಲದ ಹೆಣ್ಣುಮಕ್ಕಳಿಗೆ ಅಷ್ಟೊಂದು ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡಿ ಸಂಕಟವಾಯಿತು.

ಬಂದರು ಅವರು ನೆನೆಸಿದ ಹಾಗಿರಲಿಲ್ಲ. ಗುಡ್ಡದಷ್ಟು ಎತ್ತರದ ಕೆಂಪು ಅದಿರಿನ ರಾಶಿಗಳು, ಆಕಾಶಕ್ಕೆ ಕತ್ತು ಚಾಚಿ ನಿಂತ ಕ್ರೇನುಗಳು, ಒಂದರ ಮೇಲೊಂದು ಹೇರಿದ ಕಬ್ಬಿಣದ ಡಬ್ಬಿಗಳು. ಎರಡು ಗೋದಾಮುಗಳ ನಡುವಿನ ಸಂದಿಯಲ್ಲಿ ಹಡಗೊಂದರ ಹೊಟ್ಟೆ ಕಂಡಿತು. ತಿಪ್ಪವ್ವ ಅದನ್ನು ಗೋಡೆ ಎಂದುಕೊಂಡಿದ್ದಳು. ಅದು ಮೆಲ್ಲಗೆ ಸರಿದಾಗ ಅಲ್ಲೇ ಕೂತುಬಿಟ್ಟಳು. "ನಮ್ಮೂರು ಇಡಿಗೀಡಿ ಇದರಾಗ ಕುಂದರತೈತಲ್ಲಬೇ" ಎಂದಳು. ಅಂಥವು ಹಗಲೂ ರಾತ್ರಿ ಬರುತ್ತವೆ, ಹೋಗುತ್ತವೆ, ದೇಶದ ಅರ್ಧ ಬಾಳುವೆ ಈ ಬಾಗಿಲಿಂದಲೇ ನಡೆಯುತ್ತದೆ ಎಂದು ಕಾವಲುಗಾರನೊಬ್ಬ ಹೇಳಿದ. ಬಾಗಿಲಾಚೆಯ ಸಮುದ್ರವನ್ನು ಅವರಿಗೆ ಯಾರೂ ತೋರಿಸಲಿಲ್ಲ.

ಗೋದಾಮಿನಲ್ಲಿ ಡಬ್ಬಿಯ ಮಾಲನ್ನು ಇಳಿಸಿದ್ದರು. ಹೊರಗಿನ ಸಾಲಿನ ಚೀಲಗಳು ಹೇಗೋ ಇದ್ದವು. ನಡುವಿನವು ಬೂದು ಹಿಡಿದು, ಹಳೆಯ ಚಪ್ಪಲಿಯ ವಾಸನೆ ಹೊಡೆಯುತ್ತಿದ್ದವು. ಲಾಲಬಿ ಕೈ ಹಾಕಿದಳು. ಕಾಯಿ ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡು ಬಂದವು. ಹೆಂಗಸರು ಬಾಯಿ ಕಟ್ಟಿಕೊಂಡು ಆಯಲು ಕುಳಿತರು.

ಮಧ್ಯಾಹ್ನ ಗಂಟು ಬಿಚ್ಚಿದಾಗ ಲಾಲಬಿಗೆ ಎಲ್ಲ ತಿಳಿಯಿತು. ಬೆಟಗೇರಿಯಲ್ಲಿ ತಿಂಗಳಿಟ್ಟರೂ ಕಟಕ್ಕನೆ ಮುರಿಯುವ ರೊಟ್ಟಿ ಅಲ್ಲಿ ಒದ್ದೆ ಅರಿವೆಯ ಹಾಗೆ ಬಾಗುತ್ತಿತ್ತು. ಅಲ್ಲಿಯ ಗಾಳಿಯೇ ಹಸಿ. ಹೊರಗೆ ಆ ಗಾಳಿ, ಒಳಗೆ ತಾವು ಮುಚ್ಚಿ ಕಳಿಸಿದ ನೀರು. ಹಗಲು ಕಾಯ್ದು, ಸಂಜೆ ತಣಿದು, ಡಬ್ಬಿ ಒಳಗೊಳಗೇ ಬೆವೆತಿರಬೇಕು. ಹಗೇವಲ್ಲ ಅದು, ಕುದಿಯುವ ಗಡಿಗೆ. ಒಂದು ಬಿಸಿಲು ಕೊಟ್ಟಿದ್ದರೆ ಎಂದುಕೊಂಡಳು. ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿ ಗಂಟಿನಲ್ಲಿಟ್ಟಳು.

ನಬಿಸಾಬ ಅವಳನ್ನು ಗೋಡೆಯ ಬದಿಗೆ ಕರೆದ. ಮನೆಯ ಮಾತಿನಲ್ಲಿ, ಉರ್ದುವಿನಲ್ಲಿ ಹೇಳತೊಡಗಿದ. ಸಾವಕಾರರು ಬಂದಿದ್ದಾರೆ, ಕೊಳ್ಳುವವರ ಕಡೆಯ ತಪಾಸಣೆ ಸಾಹೇಬರೂ ಬಂದಿದ್ದಾರೆ. ಮಾಲಿಗೆ ನೀರು ಹೇಗೆ ಬಂತು ಎಂದು ಕೇಳುತ್ತಾರೆ.

"ಖರೆ ಹೇಳು" ಎಂದಳು ಲಾಲಬಿ. "ಹೇಳಾಂವ ನೀ ಅದಿಯಲ್ಲ."

"ನಾ ಅವಸರ ಮಾಡಿದೆ ಅಂದ್ರ ಸಾವಕಾರ ನನ್ನ ಇವತ್ತ ತಗದ ಹಾಕ್ತಾರ. ನಾ ಹ್ವಾದ್ರ ವಖಾರ ಹೋತು. ವಖಾರ ಹ್ವಾದ್ರ ನೀವೆಲ್ಲಾ ಎಲ್ಲಿಗೆ ಹೋಗಾವ್ರು?" ಅವನು ಅವಳ ಕೈ ಹಿಡಿದುಕೊಂಡ. "ಅದಕ್ಕ ನೀ ಹೇಳಿಬಿಡು ಆಪಾ. ಹೆಂಗಸರು ತಿಳೀಲಾರದ ನೀರ ಹೊಡದಿವಿ, ಒಣಗಸೂದ ಮರತಿವಿ ಅಂತ. ಹೆಂಗಸರ ಮಾತಿಗೆ ಯಾರ ಏನ ಮಾಡ್ತಾರ? ಎರಡ ಬೈತಾರ, ಬಿಡ್ತಾರ. ನಾ ಉಳದೆ ಅಂದ್ರ ನಿಮ್ಮ ಕೆಲಸ ಉಳೀತು. ಅವ್ವನ ಆಣಿ ಮಾಡಿ ಹೇಳತೀನಿ."

ಅವ್ವ ಎಂದರೆ ಅವನನ್ನು ಹೆತ್ತವಳಲ್ಲ. ಹೆತ್ತವಳ ಮುಖ ಅವನಿಗೆ ಗೊತ್ತಿರಲಿಲ್ಲ. ಅವನು ಆಣೆ ಮಾಡಿದ್ದು ಲಾಲಬಿಯ ತಾಯಿಯ ಮೇಲೆ.

ಲಾಲಬಿ ತಿರುಗಿ ನೋಡಿದಳು. ಹೆಂಗಸರು ಮೆತ್ತಗಾದ ರೊಟ್ಟಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ತಿನ್ನುತ್ತಿದ್ದರು. ಅವರ ಮಾತು ಅವಳ ಬಾಯಲ್ಲಿತ್ತು. ಅವರನ್ನು ಕೇಳಬಹುದಿತ್ತು. ಕೇಳಿದರೆ ತಿಪ್ಪವ್ವ ಏನೆನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಕೇಳಲಿಲ್ಲ.

ತಪಾಸಣೆ ಸಾಹೇಬರು ಹಿಂದಿಯಲ್ಲಿ ಕೇಳಿದರು. ಲಾಲಬಿ ಸೆರಗು ಸರಿಪಡಿಸಿಕೊಂಡು ನಿಂತು, ತಪ್ಪು ನಮ್ಮ ಕೈಯಿಂದಲೇ ಆಯಿತು, ನೀರು ಹೊಡೆದವರು ನಾವು, ಬಿಸಿಲಿಗೆ ಹಾಕದೆ ತುಂಬಿದವರೂ ನಾವು, ನಬಿಸಾಬನಿಗೆ ಗೊತ್ತಿರಲಿಲ್ಲ ಎಂದಳು. ಸಾಹೇಬರು ತಲೆಯಾಡಿಸಿದರು. ಸಾವಕಾರರು ಅವಳ ಕಡೆ ನೋಡಲೂ ಇಲ್ಲ. ನಬಿಸಾಬನಿಗೆ, "ಇಂಥಾ ಕೈಯಾಗ ಮಾಲ ಕೊಟ್ಟಿದ್ದೇನು?" ಎಂದರು. ನಬಿಸಾಬ ತಲೆ ತಗ್ಗಿಸಿ, "ನಂಬಿ ಕೆಟ್ಟೆರಿ" ಎಂದ.

ಆ ಮಾತು ಲಾಲಬಿಯ ಕಿವಿಗೆ ಬಿತ್ತು. ಸಾವಕಾರರ ಮುಂದೆ ಆಡಬೇಕಾದ ನಾಟಕ ಎಂದುಕೊಂಡಳು.

"ಏನಂದಿ ಚಿಗವ್ವಾ ಅವರಿಗೆ?" ಎಂದು ಅಮೃತವ್ವ ಕೇಳಿದಳು. ಹಿಂದಿ ಅವರಾರಿಗೂ ಬರುತ್ತಿರಲಿಲ್ಲ.

"ನಮ್ಮ ಕೆಲಸ ಉಳೀತು ಅಂದೆ" ಎಂದಳು ಲಾಲಬಿ.

ತಿರುಗಿ ಬಂದ ಮೇಲೆ ಕೆಲವು ದಿನ ವಖಾರ ತೆರೆದಿತ್ತು. ಒಂದು ಮುಂಜಾನೆ ಹೋದರೆ ಬಾಗಿಲಿಗೆ ಬೀಗ. ಮಳೆಗಾಲ, ಮಾಲು ಬಂದಿರಲಿಕ್ಕಿಲ್ಲ ಎಂದು ಲಾಲಬಿ ಎಲ್ಲರನ್ನೂ ಸಮಾಧಾನ ಮಾಡಿ ಕಳಿಸಿದಳು. ಮರುದಿನವೂ ಬೀಗ. ನಬಿಸಾಬನ ಮನೆಗೆ ಹೋದರೆ ಊರಲ್ಲಿಲ್ಲ ಎಂದರು.

ಪಂಚಮಿ ಮುಗಿದ ಮೇಲೆ ಅವಳು ಮಾರುಕಟ್ಟೆಯ ನಳದ ಹತ್ತಿರ ಒಬ್ಬ ಎಳೆಯ ಹೆಣ್ಣುಮಗಳನ್ನು ಕಂಡಳು. ಕೈಬೆರಳೆಲ್ಲ ಕೆಂಪಾಗಿ, ಉರಿಗೆ ನೀರು ಬಿಟ್ಟುಕೊಳ್ಳುತ್ತಿದ್ದಳು. ಹೊಸಬಳು ಎಂದು ಲಾಲಬಿಗೆ ನೋಡಿದ ಕೂಡಲೇ ಗೊತ್ತಾಯಿತು.

"ನೀರ ಹಾಕಬ್ಯಾಡ ತಂಗಿ, ಮಜ್ಜಿಗಿ ಹಚ್ಚು. ಯಾವೂರು?"

"ಬೆಳ್ಳಟ್ಟಿರಿ ಬೇ. ಮಾಯಾ ಅಂತ ನನ್ನ ಹೆಸರು. ನಬಿಸಾಬಣ್ಣಾರ ವಖಾರಕ್ಕ ಬಂದೀವಿ. ಹುಬ್ಬಳ್ಳಿ ರೋಡಿಗೆ ಹೊಸಾದು ಮಾಡ್ಯಾರಲ್ರಿ, ಅಲ್ಲಿ. ತುಂಬ ಬಿಡಸೂ ಮಶೀನ ಬಂದೈತ್ರಿ. ಮಶೀನ ಬಿಟ್ಟದ್ದನ್ನ ನಾವ ಆಯಬೇಕು. ದಿನಾ ಟೆಂಪೋ ಕಳಸ್ತಾರ."

"ಯಾವಾಗ ಹೇಳಿದ್ನವಾ ನಿಮಗ?"

"ಭಾಳ ದಿನಾ ಆತಲ್ರಿ. ಮಿರಗದ ಮಳಿ ಕೂಡೂಕಿಂತ ಮೊದಲ ಊರಿಗೆ ಬಂದ ಹೇಳಿ ಹೋಗಿದ್ರು. ಪಂಚಮಿ ಮುಗಿಸಿ ಬರ್ರಿ ಅಂತ."

ಲಾಲಬಿ ನಳದ ಕಟ್ಟೆಯ ಮೇಲೆ ಕುಳಿತಳು. ಮಿರಗಕ್ಕಿಂತ ಮೊದಲು ಎಂದರೆ ಬಂದರಿಗೆ ಹೋಗುವುದಕ್ಕಿಂತ ಮೊದಲು. ಅವಳ ಕೈ ಹಿಡಿದು, ಅವ್ವನ ಆಣೆ ಮಾಡಿ, ನಿಮ್ಮ ಕೆಲಸ ಉಳೀತು ಎಂದಾಗ ಆ ಕೆಲಸವನ್ನು ಅವನು ಆಗಲೇ ಬೇರೆಯವರಿಗೆ ಕೊಟ್ಟು ಆಗಿತ್ತು. ಇಲ್ಲದ ಕೆಲಸವನ್ನು ಉಳಿಸಲು ಅವಳು ಹೆಂಗಸರ ಹೆಸರನ್ನು ಒತ್ತೆ ಇಟ್ಟಿದ್ದಳು.

ಹುಬ್ಬಳ್ಳಿ ರಸ್ತೆಯ ಹೊಸ ವಖಾರಕ್ಕೆ ಅವಳು ಒಬ್ಬಳೇ ನಡೆದು ಹೋದಳು. ನಬಿಸಾಬ ಬಾಗಿಲಲ್ಲೇ ಇದ್ದ. ಒಳಗೆ ಮಶೀನಿನ ಸದ್ದು.

"ನನ್ನ ಮುಖಾ ನೋಡಿ ಹೇಳು. ಅಲ್ಲಿ ಹೋಗೂಕಿಂತ ಮೊದಲ ಇದು ಠರಾವ ಆಗಿತ್ತೋ ಇಲ್ಲೋ?"

"ಮಶೀನ ತರಸೂದು ಸಾವಕಾರ್ರ ಮರ್ಜಿ. ನಂದೇನ ನಡೀತೈತಿ ಆಪಾ?"

"ಮಶೀನಿನ ಮಾತ ಬಿಡು. ನನಗ ಯಾಕ ಆಣಿ ಮಾಡಿದಿ?"

ಅವನು ಅತ್ತಿತ್ತ ನೋಡಿದ. ಹಮಾಲರು ಕೇಳುತ್ತ ನಿಂತಿದ್ದರು. ಅವರನ್ನು ನೋಡಿ ಅವನ ದನಿ ಬದಲಾಯಿತು. "ತಪ್ಪ ನಮ್ಮ ಕೈಯಿಂದ ಆತು ಅಂತ ಅಂದಾಕಿ ನೀನು. ಎಲ್ಲಾರ ಮುಂದ ಅಂದಿ. ನಾ ಏನ ನಿನ್ನ ನಾಲಿಗಿ ಹಿಡದ ಅನ್ನಿಸಿದ್ನೇನು? ಒಂದ ಡಬ್ಬಿ ಮಾಲ ಕೊಳಿಸಿದವರ ಕೈಯಾಗ ಮತ್ತ ಮಾಲ ಕೊಡು ಅಂದ್ರ ಯಾರ ಕೊಡತಾರ?"

ಲಾಲಬಿ ಬಂದ ದಾರಿಯಲ್ಲೇ ತಿರುಗಿದಳು. ಆಡಿದವಳು ಅವಳೇ. ಗೋದಾಮಿನ ಗೋಡೆಯ ಬದಿಗೆ ಅವನು ಅವಳ ಕೈ ಹಿಡಿದು ಹೇಳಿಸಿದ್ದಕ್ಕೆ ಅವನನ್ನು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ.

ಸಂಜೆ ಅವಳು ಹೆಂಗಸರನ್ನೆಲ್ಲ ತನ್ನ ಕಟ್ಟೆಗೆ ಕರೆದು, ಬಂದರಿನಲ್ಲಿ ತಾನು ಏನು ಹೇಳಿದಳೆಂಬುದನ್ನು ಹೇಳಿದಳು. ಒಂದಕ್ಷರ ಮುಚ್ಚಿಡಲಿಲ್ಲ. ಅಮೃತವ್ವ ಅಳತೊಡಗಿದಳು. ತಿಪ್ಪವ್ವ ಬಾಯಿ ತೆರೆದಳು.

"ಅಂವ ನಿನಗ ತಮ್ಮ, ನಮಗೇನ ಆಗಬೇಕಿತ್ತ ಚಿಗವ್ವಾ? ನಿನ್ನ ತಮ್ಮನ್ನ ಉಳಸಾಕ ನಮ್ಮ ಕೈ ಕಡದ ಕೊಟ್ಟಿ."

"ನಿಮ್ಮ ಕೆಲಸ ಉಳಸಾಕ ಅಂದೆವಾ."

"ಒಂದ ಮಾತ ನನ್ನ ಕೇಳಬೇಕಿತ್ತು. ಕಿವಿ ಇದ್ದುವಲ್ಲ ನನಗ? ನಮ್ಮನ್ನ ಕೇಳಲಾರದ ಮಾಡೂದ್ರಾಗ ನೀನೂ ಒಂದ, ಅವನೂ ಒಂದ." ಎದ್ದು ಸೀರೆ ಕೊಡವಿಕೊಂಡು ಹೋದಳು. ಉಳಿದವರು ಒಬ್ಬೊಬ್ಬರಾಗಿ ಎದ್ದರು.

ತಮ್ಮನು ಕೈಕೊಟ್ಟದ್ದಕ್ಕಿಂತ ಅದು ಅವಳನ್ನು ಹೆಚ್ಚು ಸುಟ್ಟಿತು. ಯಾಕೆಂದರೆ ತಿಪ್ಪವ್ವ ಹೇಳಿದ್ದರಲ್ಲಿ ತೆಗೆದು ಹಾಕುವಂಥದು ಏನೂ ಇರಲಿಲ್ಲ.

ಹೊಸ ಸುಗ್ಗಿ ಬಂತು. ಅಡತಿ ಅಂಗಡಿಗಳಲ್ಲಿ ಬಂದರಿನ ಸುದ್ದಿ ಹಬ್ಬಿತ್ತು. ನೀರ ಹೊಡೆದು ಕೊಳೆಸಿದವರು ಎಂದು ಗುಂಪನ್ನು ಬಾಗಿಲಿಂದಲೇ ತಿರುಗಿಸಿದರು. ಕೊನೆಗೆ ಮುಂಡರಗಿ ರಸ್ತೆಯ ಮುದಕಪ್ಪ ಎಂಬ ವ್ಯಾಪಾರಿ ಒಪ್ಪಿದ. ಆದರೆ ಒಂದು ಮಾತು ಹಾಕಿದ.

"ಹೆಂಗಸರು ಬರಲಿ, ನನ್ನ ತಕರಾರಿಲ್ಲ. ಲಾಲಬಿ ಮಾತ್ರ ಬ್ಯಾಡ. ತಪ್ಪ ಒಪ್ಪಿಕೊಂಡಾಕಿ ಆಕಿ."

ತಿಪ್ಪವ್ವ ಆ ಸುದ್ದಿ ಹೊತ್ತು ಲಾಲಬಿಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. "ನೀ ಬ್ಯಾಡ ಅಂದ್ರ ನಾವೂ ಹೋಗೂದಿಲ್ಲ" ಎಂದಳು. ಮಾತು ನೆಟ್ಟಗಿತ್ತು, ಕಣ್ಣು ಮಾತ್ರ ನೆಲದ ಮೇಲಿತ್ತು. ಅವರಿಗೆ ಹೋಗದೆ ಗತಿಯಿಲ್ಲ ಎಂದು ತಿಳಿಯಲು ಲಾಲಬಿಗೆ ಅಷ್ಟೇ ಸಾಕಾಯಿತು.

"ಹೋಗ್ರಿ. ಮುಟಿಗಿ ನೀ ಹಿಡಿ. ನನ್ನ ಹೆಸರ ಎಲ್ಲೂ ತಗೀಬ್ಯಾಡ್ರಿ."

ಆ ದಿನದಿಂದ ಹೆಂಗಸರು ಮುಂಜಾನೆ ಲಾಲಬಿಯ ಓಣಿ ಬಿಟ್ಟು ಹಿಂದಿನ ಓಣಿಯಿಂದ ಮುಂಡರಗಿ ರಸ್ತೆಗೆ ಹೋಗತೊಡಗಿದರು. ಸಿಟ್ಟಿನಿಂದಲ್ಲ, ಅವಳ ಮುಖ ನೋಡಲಾರದೆ. ಅದು ಅವಳಿಗೂ ಗೊತ್ತಿತ್ತು. ಆದರೂ ಆ ಹೊತ್ತಿಗೆ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಮನೆಯಲ್ಲಿ ಕೂತು ಓಣಿಯವರ ಖಾರದ ಮೆಣಸಿನಕಾಯಿ ಹಸನು ಮಾಡಿಕೊಡುತ್ತ ಹೊಟ್ಟೆ ಹೊರೆದಳು. ಲಾಡಸಾಬನಿಗೂ ಆ ವರ್ಷ ಮಾತು ಕಡಿಮೆಯಾಯಿತು.

ಮರು ವರ್ಷದ ಸುಗ್ಗಿಯಲ್ಲಿ ಹುಬ್ಬಳ್ಳಿ ರಸ್ತೆಯ ಮಶೀನು ಕಾಯಿಯನ್ನು ಒಡೆಯತೊಡಗಿತು. ಒಡೆದ ಮಾಲು ಪರದೇಶದಲ್ಲಿ ಕೊಳ್ಳುವವರಿಗೆ ಬೇಡ. ಕೈಯಿಂದ ಬಿಡಿಸಿದ್ದೇ ಬೇಕು, ಹಳೆಯ ಕೈಗಳೇ ಬೇಕು ಎಂದು ಸಾವಕಾರರು ಹಟ ಹಿಡಿದರು ಎಂದು ಸುದ್ದಿ ಬಂತು. ಸುದ್ದಿಯ ಹಿಂದೆಯೇ ಒಂದು ಮಧ್ಯಾಹ್ನ ನಬಿಸಾಬನ ಸ್ಕೂಟರು ಬಂತು.

ಲಾಡಸಾಬ ಒಳಗೆ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕುಳಿತಿದ್ದ. ಲಾಲಬಿ ಅಂಗಳದಲ್ಲಿದ್ದವಳು ಸ್ಕೂಟರಿನ ಸದ್ದು ಕೇಳಿ ಎದ್ದು ಒಳಗೆ ಬಂದಳು.

"ಆಪಾ, ನಾ ಬಂದೀನಿ" ಎಂದ ನಬಿಸಾಬ ಹೊರಗಿನಿಂದ. "ಮಾತೊಂದ ಐತಿ. ನಿನ್ನ ಗುಂಪ ಮತ್ತ ಕೂಡಸಬೇಕ ನೀನು. ಆದದ್ದ ಆಗಿ ಹೋತು."

ಹಾಲು ಕುಡಿದ ತಮ್ಮ ಎಂದರೆ ಮನೆಯ ಗಂಡಸು. ಅವನೆದುರು ಹೆಂಗಸು ಮುಖ ಮರೆಸಬೇಕಾಗಿಲ್ಲ. ಅವನು ಕೂಗಿ ಕೇಳಿ ಒಳಗೆ ಬರಬೇಕಾಗಿಲ್ಲ. ಚಿಕ್ಕಂದಿನಿಂದ ಅವನು ಅವಳ ಅಡುಗೆಮನೆಯತನಕ ಚಪ್ಪಲಿ ಬಿಟ್ಟು ನೆಟ್ಟಗೆ ನಡೆದು ಬಂದವನೇ. ಲಾಲಬಿ ಬಾಗಿಲ ಹಿಂದೆ ನಿಂತು, ಸೆರಗನ್ನು ತಲೆಯಿಂದ ಮುಖದ ಮೇಲೆ ಪೂರಾ ಎಳೆದುಕೊಂಡಳು. ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

"ಯಾರ್ರಿ ಅವರು?" ಎಂದಳು. "ಮನ್ಯಾಗ ಗಂಡಸರಿಲ್ಲರಿ. ಅವರ ಇದ್ದಾಗ ಬರ್ರಿ."

ಒಳಗೆ ಲಾಡಸಾಬ ಬಸಿಯನ್ನು ತುಟಿಯ ಹತ್ತಿರ ಒಯ್ದವನು, ಸುರ್ರೆಂದರೆ ಕೇಳೀತು ಎಂದು, ಕುಡಿಯದೆ ಹಾಗೆಯೇ ಹಿಡಿದುಕೊಂಡು ಕುಳಿತ. ಸ್ಕೂಟರು ತಿರುಗಿ ಓಣಿ ದಾಟಿ ಹೋಗುವತನಕ ಕೆಳಗಿಡಲಿಲ್ಲ.